ಒಂಬತ್ತನೇ ವಾರದಲ್ಲಿ ಟಿಎಸ್‌ಎಚ್ 4.6: ಮಾತ್ರೆ ಬೇಕೆ, ಬೇಡವೆ?

ಪ್ರಶ್ನೆ: ನನಗೆ 27 ವರ್ಷ. ಚೊಚ್ಚಲ ಗರ್ಭ, ಈಗ ಒಂಬತ್ತನೇ ವಾರ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 4.6, ಫ್ರೀ ಟಿ4 1.1 ಬಂದಿದೆ. ಊರಿನ ಡಾಕ್ಟರು 25 ಮೈಕ್ರೋಗ್ರಾಂ ಥೈರಾಕ್ಸಿನ್ ಬರೆದುಕೊಟ್ಟರು. ಇನ್ನೊಂದು ಕಡೆ ತೋರಿಸಿದಾಗ, ರಿಪೋರ್ಟಿನಲ್ಲೇ 5.5ರವರೆಗೆ ನಾರ್ಮಲ್ ಎಂದಿದೆಯಲ್ಲ, ಏನೂ ಬೇಡ ಎಂದರು. ಥೈರಾಯ್ಡ್ ಇದ್ದರೆ ಮಗುವಿನ ಬುದ್ಧಿ ಮಂದವಾಗುತ್ತದೆ ಎಂದು ಎಲ್ಲೋ ಓದಿ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಎಲೆಕೋಸು, ಹೂಕೋಸು ನಿಲ್ಲಿಸಿದ್ದಾರೆ. ಬೆಳಗ್ಗೆ ವಾಂತಿ ಬೇರೆ. ಮಾತ್ರೆ ತಗೊಳ್ಳಲೇ? ತಗೊಂಡರೆ ಜೀವನಪೂರ್ತಿ ಬಿಡುವ ಹಾಗಿಲ್ಲವೇ?

ಉತ್ತರ: ಊರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾಳೆ ಬೆಳಗ್ಗೆಯಿಂದಲೇ ಶುರು ಮಾಡಿ. ಜೊತೆಗೆ ಆ್ಯಂಟಿ ಟಿಪಿಒ ಎಂಬ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿ. ಅದರ ಫಲಿತಾಂಶ ಬರಲಿ ಎಂದು ಮಾತ್ರೆಯನ್ನು ಮುಂದೂಡುವುದು ಬೇಡ. ಮಗುವಿನ ಬುದ್ಧಿಯ ಬಗ್ಗೆ ನಿಮಗಿರುವ ಹೆದರಿಕೆಗೆ ನಿಮ್ಮ ರಿಪೋರ್ಟಿನಲ್ಲಿ ಆಧಾರವಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದು ಯಾಕೆ ಎಂಬುದನ್ನು ಮೊದಲು ನೋಡೋಣ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ದುಡಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು. ಥೈರಾಯ್ಡ್ ಮಾಡುವ ಹಾರ್ಮೋನು ಥೈರಾಕ್ಸಿನ್, ರಕ್ತದಲ್ಲಿ ಅದು ಬಳಕೆಗೆ ಎಷ್ಟು ಸಿಗುತ್ತಿದೆ ಎಂಬುದನ್ನು ಫ್ರೀ ಟಿ4 ತೋರಿಸುತ್ತದೆ. ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ 5.5ರ ಮಿತಿ ಗರ್ಭಿಣಿಯರಲ್ಲದ ವಯಸ್ಕರಿಗೆ ಸೇರಿದ್ದು. ಗರ್ಭ ನಿಂತ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಯೂರಿನ್ ಕಿಟ್‌ನಲ್ಲಿ ಎರಡನೇ ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನಿನ ರಚನೆ ಟಿಎಸ್‌ಎಚ್‌ನದ್ದನ್ನೇ ಹೋಲುವುದರಿಂದ ಅದೂ ಥೈರಾಯ್ಡ್ ಗ್ರಂಥಿಯನ್ನು ಸ್ವಲ್ಪ ದುಡಿಸುತ್ತದೆ. ಥೈರಾಕ್ಸಿನ್ ಏರುತ್ತಿದ್ದಂತೆ ಪಿಟ್ಯುಟರಿ ಗ್ರಂಥಿ ತನ್ನ ಟಿಎಸ್‌ಎಚ್ ಅನ್ನು ಇಳಿಸುತ್ತದೆ. ಎಂಟರಿಂದ ಹನ್ನೊಂದನೇ ವಾರದಲ್ಲಿ ಎಚ್‌ಸಿಜಿ ತುತ್ತತುದಿಯಲ್ಲಿರುತ್ತದೆ, ಹಾಗಾಗಿ ಟಿಎಸ್‌ಎಚ್ ತೀರಾ ಕೆಳಗಿರಬೇಕಾದ ಹೊತ್ತು ನಿಮಗೆ ಈಗಲೇ. ಇಂಥ ಹೊತ್ತಿನಲ್ಲಿ 4.6 ಬಂದಿದೆ ಎಂದರೆ, ಗರ್ಭ ಕೇಳುವ ಹೆಚ್ಚುವರಿ ಹಾರ್ಮೋನನ್ನು ಒದಗಿಸಲು ಗ್ರಂಥಿ ಕೊಂಚ ತಿಣುಕುತ್ತಿದೆ. ಫ್ರೀ ಟಿ4 ಸರಿಯಾಗಿಯೇ ಇರುವುದರಿಂದ ಸದ್ಯಕ್ಕೆ ಒದಗಿಸುತ್ತಲೂ ಇದೆ. ಟಿಎಸ್‌ಎಚ್ ಏರಿ ಟಿ4 ಸರಿಯಿರುವ ಈ ಸ್ಥಿತಿಯನ್ನೇ ಡಾಕ್ಟರುಗಳು ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್, ಅಂದರೆ ಸೌಮ್ಯವಾದ ಥೈರಾಯ್ಡ್ ಕೊರತೆ, ಎನ್ನುವುದು.

ಹಾಗಾದರೆ ಗರ್ಭಿಣಿಗೆ ಮಿತಿ ಎಷ್ಟು? ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲಿ ಮೊದಲ ಮೂರು ತಿಂಗಳಿಗೆ 2.5, ಆಮೇಲೆ 3 ಎಂದಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಕೂಡ 2011ರಲ್ಲಿ ಇದನ್ನೇ ಹೇಳಿತ್ತು. ಅಷ್ಟು ಕಡಿಮೆ ಮಿತಿಯಿಟ್ಟರೆ ಆರೋಗ್ಯವಂತ ಗರ್ಭಿಣಿಯರಿಗೂ ರೋಗದ ಹಣೆಪಟ್ಟಿ ಬೀಳುತ್ತದೆ ಎಂದು ಕಂಡ ಮೇಲೆ 2017ರಲ್ಲಿ ಅದನ್ನು ಸಡಿಲಿಸಿ, ಆಯಾ ಪ್ರದೇಶದ ಗರ್ಭಿಣಿಯರಿಂದಲೇ ತೆಗೆದ ಮಿತಿಯನ್ನು ಬಳಸಿ, ಅದಿಲ್ಲದಿದ್ದರೆ ಮೊದಲ ಮೂರು ತಿಂಗಳಿಗೆ ಸುಮಾರು 4 ಎಂದಿಟ್ಟುಕೊಳ್ಳಿ ಎಂದಿತು. ನಿಮ್ಮ 4.6 ಎರಡೂ ಮಿತಿಗಳನ್ನು ದಾಟಿದೆ. ಅದು 3.1 ಬಂದಿದ್ದರೆ ಮಾತು ಬೇರೆ. ಆ್ಯಂಟಿ ಟಿಪಿಒ ನೆಗೆಟಿವ್ ಇದ್ದು ಟಿಎಸ್‌ಎಚ್ 3ರ ಆಸುಪಾಸಿನಲ್ಲಿದ್ದರೆ ಮಾತ್ರೆಗಿಂತ ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಒಂದು ಲ್ಯಾಬಿನವರು ಮೈಕ್ರೋ ಯೂನಿಟ್ ಪ್ರತಿ ಮಿಲಿಲೀಟರ್ ಎಂದೂ ಇನ್ನೊಂದು ಲ್ಯಾಬಿನವರು ಮಿಲಿ ಯೂನಿಟ್ ಪ್ರತಿ ಲೀಟರ್ ಎಂದೂ ಬರೆದಿದ್ದರೆ ಗೊಂದಲ ಬೇಡ, ಸಂಖ್ಯೆ ಒಂದೇ.

ಆ್ಯಂಟಿ ಟಿಪಿಒ ಏಕೆ ಬೇಕು ಎಂದರೆ, ದೇಹವೇ ತನ್ನ ಥೈರಾಯ್ಡಿನ ಮೇಲೆ ಪ್ರತಿಕಾಯಗಳನ್ನು ಹರಿಬಿಟ್ಟಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಪಾಸಿಟಿವ್ ಬಂದರೆ ಗ್ರಂಥಿಯ ಕಸುವು ಮುಂದೆ ಇನ್ನೂ ತಗ್ಗುವ ಸಂಭವ ಹೆಚ್ಚು, ಗರ್ಭಪಾತದ ಅಪಾಯವೂ ಸ್ವಲ್ಪ ಹೆಚ್ಚು. ಆಗ 4.6ಕ್ಕೆ ಮಾತ್ರೆ ಕೊಡಲೇಬೇಕು ಎನ್ನುವುದರಲ್ಲಿ ತಜ್ಞರ ನಡುವೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ನೆಗೆಟಿವ್ ಬಂದರೆ ಕೊಡಬಹುದು ಎಂಬ ಮಟ್ಟಕ್ಕೆ ಸಲಹೆ ಇಳಿಯುತ್ತದೆ. ಟಿಎಸ್‌ಎಚ್ 10 ದಾಟಿದರೆ ಪ್ರತಿಕಾಯ ಇರಲಿ ಬಿಡಲಿ, ಮಾತ್ರೆ ಬೇಕೇ ಬೇಕು. ಒಮ್ಮೆ ಪಾಸಿಟಿವ್ ಬಂದರೆ ಆ ಪರೀಕ್ಷೆಯನ್ನು ತಿಂಗಳು ತಿಂಗಳು ಮಾಡಿಸುತ್ತಾ ದುಡ್ಡು ಕಳೆಯಬೇಡಿ, ಪ್ರತಿಕಾಯ ಎಷ್ಟು ಇಳಿಯಿತು ಎಂದು ನೋಡಿ ಬದಲಿಸುವ ಚಿಕಿತ್ಸೆ ಯಾವುದೂ ಇಲ್ಲ.

ಇನ್ನು ಬುದ್ಧಿಯ ವಿಷಯ. ಸುಮಾರು 18-20 ವಾರ ತುಂಬುವವರೆಗೆ ಮಗುವಿನ ಸ್ವಂತ ಥೈರಾಯ್ಡ್ ಸಾಕಷ್ಟು ದುಡಿಯುವುದಿಲ್ಲ, ಅಲ್ಲಿಯವರೆಗೆ ತಾಯಿಯ ಥೈರಾಕ್ಸಿನ್ ಮೇಲೆಯೇ ಅದರ ಮೆದುಳಿನ ಬೆಳವಣಿಗೆ ನಿಂತಿರುತ್ತದೆ. ಇದು ನಿಜ, ನೀವು ಓದಿದ್ದರ ಮೂಲವೂ ಇದೇ. 1999ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಿಂದ ಬಂದ ಒಂದು ಅಧ್ಯಯನ, ಚಿಕಿತ್ಸೆಯೇ ಇಲ್ಲದೆ ಗರ್ಭ ಕಳೆದ ಹೈಪೋಥೈರಾಯ್ಡ್ ತಾಯಂದಿರ ಮಕ್ಕಳ ಐಕ್ಯೂ ಉಳಿದವರಿಗಿಂತ ಸರಾಸರಿ 7 ಅಂಕ ಕಡಿಮೆ ಎಂದು ತೋರಿಸಿತು. ಆ ತಾಯಂದಿರಲ್ಲಿ ಬಹಳ ಮಂದಿಯ ಟಿಎಸ್‌ಎಚ್ ನಿಮ್ಮದಕ್ಕಿಂತ ಎಷ್ಟೋ ಪಾಲು ಮೇಲಿತ್ತು. ನಿಮ್ಮಂತೆ ಸೌಮ್ಯ ತೊಂದರೆ ಇದ್ದವರಿಗೆ ಮಾತ್ರೆ ಕೊಟ್ಟು, ಕೊಡದೆ, ಎರಡೂ ಗುಂಪಿನ ಮಕ್ಕಳನ್ನು ಹೋಲಿಸಿದ ದೊಡ್ಡ ಅಧ್ಯಯನಗಳು ಎರಡು. ಬ್ರಿಟನ್ ಮತ್ತು ಇಟಲಿಯದ್ದು 2012ರಲ್ಲಿ ಪ್ರಕಟವಾಯಿತು, ಮಕ್ಕಳಿಗೆ ಮೂರು ವರ್ಷವಾದಾಗ ಅಳೆದಿದ್ದರು. ಅಮೆರಿಕದ್ದು 2017ರಲ್ಲಿ, ಐದು ವರ್ಷವಾದಾಗ. ಎರಡರಲ್ಲೂ ಎರಡು ಗುಂಪಿನ ಮಕ್ಕಳ ಬುದ್ಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವುಗಳಲ್ಲಿ ಮಾತ್ರೆ ಶುರುವಾಗಿದ್ದು ಸರಾಸರಿ 13ನೇ ವಾರ, 17ನೇ ವಾರದ ಹೊತ್ತಿಗೆ, ತಡವಾಯಿತು ಎಂಬ ಆಕ್ಷೇಪ ಇದ್ದೇ ಇದೆ. ಆದರೂ ನಿಮಗೆ ಬೇಕಾದ ಮಾತು ಅಲ್ಲಿದೆ: ಮಾತ್ರೆ ಸಿಗದ ಸೌಮ್ಯ ತೊಂದರೆಯ ತಾಯಂದಿರ ಮಕ್ಕಳೂ ಮಾತ್ರೆ ಸಿಕ್ಕವರ ಮಕ್ಕಳಂತೆಯೇ ಬೆಳೆದರು.

ಮತ್ತೇಕೆ ಮಾತ್ರೆ? ಗರ್ಭ ಉಳಿಯುವ ದೃಷ್ಟಿಯಿಂದ. ಅಮೆರಿಕದ ಐದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಟಿಎಸ್‌ಎಚ್ 4.1ರಿಂದ 10ರ ನಡುವೆ ಇದ್ದವರಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಗರ್ಭನಷ್ಟ ಕಡಿಮೆ ಇತ್ತು. 2.5ರಿಂದ 4ರ ನಡುವಿನವರಿಗೆ ಆ ಲಾಭ ಕಾಣಲಿಲ್ಲ. ಅದೇ ವಿಶ್ಲೇಷಣೆಯಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಅವಧಿಪೂರ್ವ ಹೆರಿಗೆ, ಗರ್ಭಕಾಲದ ಸಕ್ಕರೆ ಕಾಯಿಲೆ ಸ್ವಲ್ಪ ಹೆಚ್ಚು ಕಂಡವು. ಹಳೆಯ ದಾಖಲೆಗಳನ್ನು ನೋಡಿ ಹೇಳಿದ್ದರಿಂದ ಮಾತ್ರೆಯೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಬೇಡದವರಿಗೂ ಕೊಡುವ, ಬೇಕಾದ್ದಕ್ಕಿಂತ ಹೆಚ್ಚು ಕೊಡುವ ಅಭ್ಯಾಸ ಒಳ್ಳೆಯದಲ್ಲ ಎಂಬುದಕ್ಕೆ ಅಷ್ಟು ಸಾಕು. ನಿಮ್ಮ 25 ಮೈಕ್ರೋಗ್ರಾಂ ಸಣ್ಣ ಡೋಸ್, ದೇಹ ತಾನೇ ಮಾಡುವ ಹಾರ್ಮೋನಿನದ್ದೇ ರೂಪ. ಸರಿಯಾದ ಪ್ರಮಾಣದಲ್ಲಿ ಅದು ಮಗುವಿಗೆ ತೊಂದರೆ ಕೊಡುವುದಿಲ್ಲ.

ಇಷ್ಟು ಸಣ್ಣ ಡೋಸ್ ಕೆಲಸ ಮಾಡುವುದು ಬಿಡುವುದು ನೀವು ಅದನ್ನು ನುಂಗುವ ರೀತಿಯ ಮೇಲಿದೆ. ಎಷ್ಟೋ ಸಲ ಡೋಸ್ ಸಾಲದೆಂದು ಏರಿಸುತ್ತಾ ಹೋಗುತ್ತಾರೆ, ನಿಜವಾದ ಕಾರಣ ಮಾತ್ರೆಯ ಹಿಂದೆಯೇ ಹೋದ ಕಾಫಿ. ಥೈರಾಕ್ಸಿನ್ ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ, ಅದಕ್ಕೆ ಖಾಲಿ ಹೊಟ್ಟೆ ಬೇಕು. ಎದ್ದ ಕೂಡಲೇ ಒಂದು ಲೋಟ ಬರೀ ನೀರಿನಲ್ಲಿ ನುಂಗಿ. ಕಾಫಿ, ಹಾಲು, ರಾಗಿ ಮಾಲ್ಟ್, ತಿಂಡಿ ಎಲ್ಲವೂ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಕಟ್ಟಿಹಾಕುತ್ತದೆ, ಕಾಫಿ ಹೀರಿಕೆಯನ್ನು ತಗ್ಗಿಸುತ್ತದೆ, ನಮ್ಮ ಫಿಲ್ಟರ್ ಕಾಫಿಯಲ್ಲಿ ಎರಡೂ ಇವೆ.

ಈಗ ನೀವು ನುಂಗುತ್ತಿರುವುದು ಫೋಲಿಕ್ ಆ್ಯಸಿಡ್ ಒಂದೇ ಇರಬಹುದು, ಅದರಿಂದ ಅಡ್ಡಿಯಿಲ್ಲ. ನಾಲ್ಕನೇ ತಿಂಗಳಿಂದ ಐರನ್, ಕ್ಯಾಲ್ಸಿಯಂ ಶುರುವಾದಾಗ ಎಚ್ಚರ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಐರನ್ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಕ್ಯಾಲ್ಸಿಯಂ 500 ಮಿಲಿಗ್ರಾಂನದ್ದು ದಿನಕ್ಕೆ ಎರಡು. ಇವೆರಡೂ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರವಿರಬೇಕು. ಐರನ್ ಮತ್ತು ಕ್ಯಾಲ್ಸಿಯಂ ಒಂದರ ಜೊತೆ ಒಂದು ಹೋದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಅವುಗಳ ನಡುವೆಯೂ ಎರಡು ಗಂಟೆ ಬಿಡಿ. ಒಂದು ದಿನದ ಲೆಕ್ಕ ಹೀಗೆ ಹೊಂದಿಸಬಹುದು: ಬೆಳಗ್ಗೆ 6ಕ್ಕೆ ಥೈರಾಕ್ಸಿನ್, 7ಕ್ಕೆ ಕಾಫಿ, 8ಕ್ಕೆ ತಿಂಡಿ, 10.30ಕ್ಕೆ ಐರನ್ ಮಾತ್ರೆ ನಿಂಬೆ ಶರಬತ್ತಿನ ಜೊತೆ, ಮಧ್ಯಾಹ್ನ 1.30ರ ಊಟದಲ್ಲಿ ಒಂದು ಕ್ಯಾಲ್ಸಿಯಂ, ರಾತ್ರಿ 8.30ರ ಊಟದಲ್ಲಿ ಇನ್ನೊಂದು. ಇದನ್ನು ತಾಯಿ ಕಾರ್ಡಿನ ಒಳಗೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗಿ ಮುಗಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಾಗೆ ಮಾಡಿದರೆ ಥೈರಾಕ್ಸಿನ್‌ನ ಒಂದು ಪಾಲು ಪೋಲು.

ಗರ್ಭಿಣಿಯರ ಮಲ್ಟಿವಿಟಮಿನ್ ಮಾತ್ರೆಯಲ್ಲೂ ಕಬ್ಬಿಣ ಅಡಗಿರುತ್ತದೆ, ಹಿಂಬದಿ ಓದಿ ನೋಡಿ. ಎದೆಯುರಿಗೆ ಕುಡಿಯುವ ಡೈಜೀನ್, ಜೆಲುಸಿಲ್‌ನಂಥ ಆ್ಯಂಟಾಸಿಡ್‌ಗಳಿಗೂ, ಸುಕ್ರಾಲ್ಫೇಟ್ ಸಿರಪ್ಪಿಗೂ ಇದೇ ನಾಲ್ಕು ಗಂಟೆಯ ಅಂತರ. ಪ್ಯಾಂಟೊಪ್ರಜೋಲ್ ತಿಂಗಳುಗಟ್ಟಲೆ ನಡೆದಿದ್ದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ತಗ್ಗಿದರೆ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ.

ಬೆಳಗಿನ ವಾಂತಿಯ ಸಮಸ್ಯೆಗೆ ಬರೋಣ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗಿ ಮಾತ್ರೆ ಹೊರಬಂದಿದ್ದು ಕಂಡರೆ, ಹೊಟ್ಟೆ ಶಾಂತವಾದ ಮೇಲೆ ಇನ್ನೊಂದು ತೆಗೆದುಕೊಳ್ಳಬಹುದು. ಗಂಟೆ ಕಳೆದ ಮೇಲೆ ಆದ ವಾಂತಿಗೆ ಮತ್ತೆ ನುಂಗುವ ಅಗತ್ಯವಿಲ್ಲ. ದಿನವೂ ಬೆಳಗ್ಗೆ ಇದೇ ಪಾಡಾದರೆ ಸಮಯವನ್ನೇ ಬದಲಿಸಿ. ರಾತ್ರಿ ಊಟವನ್ನು 7.30ಕ್ಕೆ ಮುಗಿಸಿ, ಮೂರು ಗಂಟೆ ಬಿಟ್ಟು 10.30ಕ್ಕೆ ಮಲಗುವಾಗ ನುಂಗಿ. ಆಗ ಮಲಗುವ ಮುನ್ನದ ಹಾಲು ಇಲ್ಲ, ರಾತ್ರಿಯ ಕ್ಯಾಲ್ಸಿಯಂ ಸಂಜೆ 5ಕ್ಕೆ ಹೋಗಬೇಕು. ಯಾವ ಹೊತ್ತಾದರೂ ಸರಿ, ದಿನಾ ಅದೇ ಹೊತ್ತಿಗಿರಲಿ. ಒಂದು ದಿನ ಮರೆತರೆ ಕೈಕಾಲು ಬಿಡಬೇಡಿ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಒಂದು ಮಾತ್ರೆ ತಪ್ಪಿದ್ದಕ್ಕೆ ರಕ್ತದಲ್ಲಿ ದೊಡ್ಡ ಏರುಪೇರಾಗುವುದಿಲ್ಲ. ನೆನಪಾದ ಹೊತ್ತಿಗೆ ಊಟವಾಗಿ ಮೂರು ಗಂಟೆ ಕಳೆದಿದ್ದರೆ ಆಗಲೇ ನುಂಗಿ.

ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಇವುಗಳಲ್ಲಿ ಯಾವುದನ್ನು ಶುರು ಮಾಡಿದಿರೋ ಹೆರಿಗೆಯವರೆಗೆ ಅದೇ ಬ್ರ್ಯಾಂಡ್ ಇರಲಿ. ಅಂಗಡಿಯವರು ಬದಲಿಸಿ ಕೊಟ್ಟರೆ ನಾಲ್ಕರಿಂದ ಆರು ವಾರದಲ್ಲಿ ಟಿಎಸ್‌ಎಚ್ ನೋಡಿಸಿ. ಬಾಟಲಿಯ ಮಾತ್ರೆಯಾದರೆ ಒಳಗಿರುವ ತೇವ ಹೀರುವ ಪೊಟ್ಟಣವನ್ನು ಎಸೆಯಬೇಡಿ, ಮುಚ್ಚಳ ಬಿಗಿಯಾಗಿರಲಿ. ಬಿಸಿಲು, ಸೆಕೆ, ತೇವ ಮೂರೂ ಈ ಮಾತ್ರೆಗೆ ಶತ್ರು. ಒಲೆಯ ಪಕ್ಕದ ಕಪಾಟು, ಬಚ್ಚಲುಮನೆ, ಮಳೆಗಾಲದ ಮಲೆನಾಡಿನಲ್ಲಿ ತೆರೆದ ಕಿಟಕಿ ಯಾವುದೂ ಬೇಡ.

ಮುಂದಿನ ಪರೀಕ್ಷೆಗಳ ಲೆಕ್ಕ ಇಟ್ಟುಕೊಳ್ಳಿ. ಇವತ್ತು 9ನೇ ವಾರ ಎಂದರೆ 13, 17, 21ನೇ ವಾರಗಳಲ್ಲಿ, ಆಮೇಲೆ 30ರ ಸುಮಾರಿಗೆ ಒಮ್ಮೆ ಟಿಎಸ್‌ಎಚ್. ಮೊದಲಾರ್ಧದಲ್ಲೇ ಮೇಲಿಂದ ಮೇಲೆ ನೋಡುವುದು, ಹಾರ್ಮೋನಿನ ಬೇಡಿಕೆ ಏರುವುದು ಆಗಲೇ ಎಂಬ ಕಾರಣಕ್ಕೆ. ಎರಡೇ ವಾರಕ್ಕೆ ಹೋಗಿ ಪರೀಕ್ಷಿಸಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ, ಡೋಸ್ ಬದಲಾದ ಪರಿಣಾಮ ಟಿಎಸ್‌ಎಚ್‌ನಲ್ಲಿ ಕಾಣಲು ನಾಲ್ಕು ವಾರವಾದರೂ ಬೇಕು. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಗುರಿ 2.5ಕ್ಕಿಂತ ಕೆಳಗೆ. 13ನೇ ವಾರದಲ್ಲೂ 3ರ ಮೇಲಿದ್ದರೆ, ಮಾತ್ರೆ ನುಂಗುವ ಕ್ರಮ ಸರಿಯಿದೆಯೇ ಎಂದು ಮೊದಲು ಪರಿಶೀಲಿಸಿ, ಸರಿಯಿದ್ದರೆ ಡಾಕ್ಟರು 50ಕ್ಕೆ ಏರಿಸುತ್ತಾರೆ. 0.1ಕ್ಕಿಂತ ಕೆಳಗಿಳಿದು, ಕೂತಲ್ಲೇ ಎದೆ ಹೊಡೆದುಕೊಳ್ಳುವುದು, ಕೈ ನಡುಕ ಇದ್ದರೆ ಡೋಸ್ ಹೆಚ್ಚಾಗಿರಬಹುದು. ಸುಸ್ತು, ಮಲಬದ್ಧತೆ, ಮೈ ಭಾರ ನೋಡಿ ನೀವೇ ಮಾತ್ರೆ ಏರಿಸಬೇಡಿ, ಅವೆಲ್ಲ ಗರ್ಭದ ಲಕ್ಷಣಗಳೂ ಹೌದು. ಏಳನೇ ತಿಂಗಳ ಹೊತ್ತಿಗೆ ಫ್ರೀ ಟಿ4 ಸ್ವಲ್ಪ ಕೆಳಗೆ ಬಂದು ಟಿಎಸ್‌ಎಚ್ ಸರಿಯಿದ್ದರೆ ಗಾಬರಿ ಬೇಡ. ರಕ್ತದ ಪ್ರೋಟೀನುಗಳು ಗರ್ಭದಲ್ಲಿ ಬದಲಾಗುವುದರಿಂದ ಆ ಪರೀಕ್ಷೆ ಕೊನೆಯ ತಿಂಗಳುಗಳಲ್ಲಿ ಅಷ್ಟು ನೆಚ್ಚುವಂಥದ್ದಲ್ಲ.

ನಿಮ್ಮದಲ್ಲದ, ಆದರೆ ಇದನ್ನು ಓದುವ ಬೇರೆಯವರದ್ದಾಗಿರಬಹುದಾದ ಎರಡು ಸ್ಥಿತಿಗಳು. ಗರ್ಭಕ್ಕೆ ಮೊದಲೇ ಥೈರಾಕ್ಸಿನ್ ನುಂಗುತ್ತಿದ್ದವರು ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನು ಮಾಡಬೇಕು. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ಅಂದರೆ ಎರಡು ದಿನ ಎರಡೆರಡು, ಎಂಬುದು ಸಾಮಾನ್ಯ ಕ್ರಮ. ಮೊದಲ ತಪಾಸಣೆಯ ತಾರೀಖಿಗೆ ಕಾಯುತ್ತಾ ಕೂತರೆ ಅಮೂಲ್ಯ ವಾರಗಳು ಹೋಗುತ್ತವೆ. ಇನ್ನು ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 0.05, 0.1 ಎಂದು ಬಂದವರು, ಅದರಲ್ಲೂ ವಾಂತಿ ಜೋರಾಗಿರುವವರು, ಅವಳಿ ಇರುವವರು: ಹೆಚ್ಚಿನವರಲ್ಲಿ ಅದು ಎಚ್‌ಸಿಜಿಯ ಕೆಲಸ, ತಾನೇ ಸರಿಹೋಗುತ್ತದೆ. ಫ್ರೀ ಟಿ4 ನೋಡದೆ, ಥೈರಾಯ್ಡ್ ಅತಿಯಾಗಿ ದುಡಿಯುವ ಗ್ರೇವ್ಸ್ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳದೆ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಶುರು ಮಾಡಬಾರದು. 6ರಿಂದ 10ನೇ ವಾರದ ನಡುವೆ ಅದು ಮಗುವಿನ ಅಂಗರಚನೆಗೇ ಕುತ್ತು ತರಬಲ್ಲದು.

ಎಲೆಕೋಸು, ಹೂಕೋಸು ಮನೆಗೆ ವಾಪಸ್ ಬರಲಿ. ಅವುಗಳಲ್ಲಿ ಥೈರಾಯ್ಡಿಗೆ ಅಡ್ಡಿ ಮಾಡುವ ಅಂಶ ಇದೆ ಎಂಬುದು ಸುಳ್ಳಲ್ಲ, ಆದರೆ ಬೇಯಿಸಿದಾಗ ಅದರ ಬಹುಪಾಲು ಹೋಗುತ್ತದೆ. ಪಲ್ಯಕ್ಕೆ ಹಾಕುವಷ್ಟು ಕೋಸಿನಿಂದ ಏನೂ ಆಗುವುದಿಲ್ಲ. ಸಜ್ಜೆಯಲ್ಲೂ ಅಂಥ ಅಂಶವಿದೆ. ಅಯೋಡಿನ್ ಸಾಕಷ್ಟಿದ್ದು, ಮೂರು ಹೊತ್ತೂ ಸಜ್ಜೆರೊಟ್ಟಿಯನ್ನೇ ತಿನ್ನದಿದ್ದರೆ ಯೋಚನೆಯಿಲ್ಲ. ಸೋಯಾ ಹಾಲು, ಸೋಯಾ ಚಂಕ್ಸ್ ತಿನ್ನುವವರು ಬೆಳಗಿನ ಮಾತ್ರೆಯ ಹತ್ತಿರ ಅವನ್ನು ತರದಿದ್ದರೆ ಸಾಕು.

ಮನೆಯವರು ನಿಜವಾಗಿ ನೋಡಬೇಕಾದ್ದು ಉಪ್ಪಿನ ಡಬ್ಬವನ್ನು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಅಯೋಡಿನ್‌ಯುಕ್ತ ಉಪ್ಪಿನಲ್ಲಿ ಮನೆಗೆ ಬರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ ಇರಬೇಕೆಂಬುದು ನಿಯಮ, ಅಂದರೆ ಗ್ರಾಂಗೆ 15 ಮೈಕ್ರೋಗ್ರಾಂ. ದಿನಕ್ಕೆ 8 ಗ್ರಾಂ ಉಪ್ಪು ತಿಂದರೆ 120. ಉಳಿದಿದ್ದು ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನಿನಿಂದ ಬರಬೇಕು. ಸಾಲದಿದ್ದರೆ 150 ಮೈಕ್ರೋಗ್ರಾಂ ಅಯೋಡಿನ್ ಇರುವ ಮಲ್ಟಿವಿಟಮಿನ್ ಆರಿಸಿ, ಉಪ್ಪನ್ನೇ ಹೆಚ್ಚು ತಿನ್ನಬೇಡಿ. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣಕ್ಕೋ, ಗುಲಾಬಿ ಬಣ್ಣದ ಉಪ್ಪಿಗೋ, ಅಯೋಡಿನ್ ಸೇರಿಸದ ಕಲ್ಲುಪ್ಪಿಗೋ ಬದಲಾದ ಮನೆಗಳಲ್ಲಿ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಗರ್ಭ ಮತ್ತು ಬಾಣಂತನ ಮುಗಿಯುವವರೆಗಾದರೂ ಅಯೋಡಿನ್ ಉಪ್ಪೇ ಇರಲಿ, ಮುಚ್ಚಿದ ಡಬ್ಬದಲ್ಲಿ, ಒಲೆಯಿಂದ ದೂರ. ಥೈರಾಯ್ಡಿಗೆಂದು ಮಾರುವ ಕೆಲ್ಪ್ ಎಂಬ ಕಡಲಪಾಚಿಯ ಮಾತ್ರೆಗಳನ್ನು ಮುಟ್ಟಬೇಡಿ. ಅಯೋಡಿನ್ ಅತಿಯಾದರೂ ಮಗುವಿನ ಥೈರಾಯ್ಡ್ ಕೆಲಸ ತಗ್ಗಬಹುದು.

ಜೀವನಪೂರ್ತಿ ಬೇಕೇ ಎಂದು ಕೇಳಿದ್ದೀರಿ. ಗರ್ಭದಲ್ಲಿ ಶುರುವಾಗಿ 50 ಮೈಕ್ರೋಗ್ರಾಂ ಒಳಗೇ ಉಳಿದ ಮಾತ್ರೆಯನ್ನು ಹೆರಿಗೆಯಾದ ಮೇಲೆ ಡಾಕ್ಟರು ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಆರು ವಾರಕ್ಕೆ ಟಿಎಸ್‌ಎಚ್ ನೋಡುತ್ತಾರೆ. ಬಹಳ ಮಂದಿಗೆ ಮತ್ತೆ ಬೇಕಾಗುವುದಿಲ್ಲ. ಮುಂದುವರಿಸಿದರೂ ಎದೆಹಾಲಿಗೆ ತೊಂದರೆಯಿಲ್ಲ.

ಆ್ಯಂಟಿ ಟಿಪಿಒ ಪಾಸಿಟಿವ್ ಬಂದಿದ್ದರೆ ಬಾಣಂತನದಲ್ಲಿ ಕಣ್ಣಿಡಲೇಬೇಕು. ಅಂಥವರಲ್ಲಿ ಮೂರರಲ್ಲಿ ಒಬ್ಬರಿಂದ ಅರ್ಧದಷ್ಟು ಮಂದಿಗೆ ಹೆರಿಗೆಯ ನಂತರ ಥೈರಾಯ್ಡ್ ಉರಿಯೂತ ಬರುತ್ತದೆ. ಮೊದಮೊದಲು ಹಾರ್ಮೋನು ಸೋರಿ ಎದೆಬಡಿತ, ಸಿಡುಕು, ತೂಕ ಇಳಿಯುವುದು, ಆಮೇಲೆ ನಾಲ್ಕರಿಂದ ಎಂಟನೇ ತಿಂಗಳ ನಡುವೆ ಅದೇ ಹಾರ್ಮೋನು ಬತ್ತಿ ವಿಪರೀತ ಸುಸ್ತು, ಮಂಕು. ಮನೆಯವರು ಇದನ್ನು ಬಾಣಂತಿ ಸನ್ನಿ ಎಂದೋ, ಮಗು ನಿದ್ದೆ ಬಿಡುತ್ತಿಲ್ಲ ಎಂದೋ ತಳ್ಳಿಹಾಕುತ್ತಾರೆ. ಮೂರನೇ ಮತ್ತು ಆರನೇ ತಿಂಗಳಲ್ಲಿ ಒಮ್ಮೊಮ್ಮೆ ಟಿಎಸ್‌ಎಚ್ ಮಾಡಿಸಿದರೆ ಗೊತ್ತಾಗಿಬಿಡುತ್ತದೆ. ಇದೇ ಹೊತ್ತಿಗೆ ಬಾಣಂತಿಯರ ಕೂದಲು ಉದುರುವುದರಿಂದ ಬಯೋಟಿನ್ ಮಾತ್ರೆ, ಗಮ್ಮಿ ಶುರುಮಾಡಿರುತ್ತಾರೆ. ಬಯೋಟಿನ್ ಹಲವು ಲ್ಯಾಬುಗಳ ಯಂತ್ರಗಳನ್ನು ದಾರಿತಪ್ಪಿಸಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಫ್ರೀ ಟಿ4 ಅನ್ನು ಹೆಚ್ಚು ತೋರಿಸುತ್ತದೆ. ಥೈರಾಯ್ಡ್ ಬತ್ತಿರುವ ಬಾಣಂತಿಯ ರಿಪೋರ್ಟ್ ಹೀಗೆ ತಲೆಕೆಳಗಾಗಬಹುದು. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಕೊನೆಯದಾಗಿ ಮಗುವಿನ ಪರೀಕ್ಷೆ. ನಿಮ್ಮ ಸೌಮ್ಯ ತೊಂದರೆ ಮಗುವಿಗೆ ದಾಟುತ್ತದೆ ಎಂದಲ್ಲ, ತಾಯಿಗೆ ಥೈರಾಯ್ಡ್ ಇರಲಿ ಇಲ್ಲದಿರಲಿ ಹುಟ್ಟಿದ ಪ್ರತಿ ಮಗುವಿಗೂ ಇದು ಬೇಕು. ಹಿಮ್ಮಡಿಗೆ ಚುಚ್ಚಿ ತೆಗೆದ ಹನಿ ರಕ್ತದಲ್ಲಿ ಟಿಎಸ್‌ಎಚ್ ನೋಡುತ್ತಾರೆ. ಹುಟ್ಟಿದ ಮೊದಲ 24 ಗಂಟೆ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಜಿಗಿದಿರುತ್ತದೆ, ಹಾಗಾಗಿ 48 ಗಂಟೆ ಕಳೆದ ಮೇಲೆ ತೆಗೆಯುವುದು ಸರಿ. ಅದಕ್ಕೂ ಮೊದಲೇ ಡಿಸ್ಚಾರ್ಜ್ ಆದರೆ ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ್ದಾರೆಯೇ ಎಂದು ಕೇಳಿ, ಇಲ್ಲವೆಂದರೆ ಮೂರರಿಂದ ಐದನೇ ದಿನದೊಳಗೆ ಕರೆದುಕೊಂಡು ಹೋಗಿ ಮಾಡಿಸಿ. ಹೆಚ್ಚಿದೆ ಎಂದು ಆಸ್ಪತ್ರೆಯಿಂದ ಫೋನು ಬಂದರೆ ಬಾಣಂತಿ ಹೊರಗೆ ಹೋಗಬಾರದು, ಹನ್ನೊಂದು ದಿನ ಕಳೆಯಲಿ ಎಂದು ಕೂರಬೇಡಿ, ಅದೇ ದಿನ ಹೊರಡಿ. ಎರಡು ವಾರದೊಳಗೆ ಚಿಕಿತ್ಸೆ ಶುರುವಾದ ಮಕ್ಕಳು ಉಳಿದ ಮಕ್ಕಳಂತೆಯೇ ಬೆಳೆಯುತ್ತಾರೆ.